ಅವ್ವನ ಮೊಣಕಾಲಿನ ಪಾಳಿ

ಆಸ್ತಿ ಪಾಲಾದ ದಿನವೇ, ಕಾಯ್ದೆಯಂತೆ, ನೀಲವ್ವನ ಮೊಣಕಾಲು ನೋವೂ ಮಕ್ಕಳಿಗೆ ಪಾಲಾಗಿತ್ತು. ಒಂದು ತಿಂಗಳು ಮಗಳ ಪಾಳಿ, ಮರುತಿಂಗಳು ಮಗ ಬಸಲಿಂಗನದು. ಅವ್ವ ನಡೆದರೆ ಪಾಳಿಯವರಿಗೆ ನೋವು.

ನಾಳೆ ಕೊಡಬೇಕಾದ ಮದುವೆ ಬಟ್ಟೆ ಹೊಲಿಯುತ್ತ ಬಸಲಿಂಗ ಮಶೀನು ತುಳಿಯುತ್ತಿದ್ದ. ಮೊಣಕಾಲು ಒಂದೇ ಸಮನೆ ಚುಚ್ಚತೊಡಗಿತು. ಫೋನು ಮಾಡಿದ.

“ಯವ್ವಾ, ಎಲ್ಲಿದ್ದಿ?”

“ಗುಡ್ಡದ ಮೆಟ್ಟಿಲ ಹತ್ತಾಕತ್ತೀನಪ್ಪ. ನೀ ಹುಟ್ಟಿದಾಗ ಹೊತ್ತ ಹರಕಿ, ಕಾಲುನೋವಿಗೆ ಹಂಗ ಉಳಿದಿತ್ತು. ಭಾಳ ನೋಯಾಕತ್ತೈತೇನು? ಇಳೀತೀನಿ ತಗೊ.”

ಬಸಲಿಂಗ ಬಟ್ಟೆಯ ರಾಶಿ ನೋಡಿದ.

“ಬ್ಯಾಡ, ಹತ್ತು. ಗಿರಾಕಿ ಹೆಂಗೂ ಬೈತಾರ. ಪುಣ್ಯದಾಗೂ ನನಗೊಂದು ಪಾಲು ಬೇಡ್ಕೊ.”

ಕಾಲು ಚಾಚಿ ಕುಳಿತ. ಬಹಳ ಹೊತ್ತಿನ ಮೇಲೆ ನೋವು ತಟ್ಟನೆ ನಿಂತಿತು. ಅವ್ವ ಗುಡಿ ಮುಟ್ಟಿದಳೆಂದು ತಿಳಿದು ಕುಳಿತಲ್ಲೇ ಕೈಮುಗಿದ.

ಮುಗಿದ ಕೈ ಇಳಿಸುವಷ್ಟರಲ್ಲಿ ಮತ್ತೆ ಚುಚ್ಚಿತು. ಅವ್ವ ಪ್ರದಕ್ಷಿಣೆ ಶುರು ಮಾಡಿದ್ದಳು.