ಹೊನ್ನೇಶನ ಫೋನು

ಮತ್ತೆ ಮೆಟ್ಟಿಲು ಹತ್ತಿ ಬರುತ್ತಿದ್ದ ಮುತ್ತವ್ವನನ್ನು ಕಂಡ ಕೂಡಲೇ ಅಂಬರೀಶನ ತಲೆ ಬಿಸಿಯಾಯಿತು. ಗದಗ ಬಸ್ ನಿಲ್ದಾಣದ ಎದುರಿನ ಅವನ ಕಚೇರಿಯಲ್ಲಿ ಅಂದು ಶಿರಹಟ್ಟಿ ಕಡೆಯ ಹುಡುಗರು ಕೂತಿದ್ದರು. ಗುಜರಾತಿನ ಕಾರ್ಖಾನೆ ಕೆಲಸಕ್ಕೆ ಹೊರಟು ನಿಂತವರು. ಅವರ ಮುಂದೆ ಈ ಹೆಂಗಸು ಬಾಯಿ ಬಿಟ್ಟರೆ ವ್ಯಾಪಾರ ಮಣ್ಣುಗೂಡಿದಂತೆಯೇ.

"ನನ್ನ ಮಗನ ಖಬರ ಏನರ ಸಿಕ್ಕತೇನ್ರಿ ಸಾಹೇಬ್ರ?" ಹೊಂಬಳದಿಂದ ಬಂದವಳು ಕೂಡದೆಯೇ ಕೇಳಿದಳು. "ದಿನಾ ಸಂಜಿಗೆ ಫೋನಿನ್ಯಾಗ ಮುಖಾ ತೋರಸ್ತಿದ್ದ. ಉಂಡೇನಿ ಅಂತ ಗಂಗಾಳ ಎತ್ತಿ ತೋರಸ್ತಿದ್ದ. ದೀಪಾವಳಿ ಆದ ಮ್ಯಾಲ ಒಮ್ಮೆನೂ ಇಲ್ರಿ. ಜೀವ ಐತೋ ಇಲ್ಲೋ, ಅಷ್ಟ ಹೇಳ್ರಿ."

ಗೊತ್ತಿದ್ದರಲ್ಲವೇ ಹೇಳುವುದು? ಅವಳ ಮಗ ಹೊನ್ನೇಶನ ಮುಖವೇ ಅಂಬರೀಶನಿಗೆ ನೆನಪಿರಲಿಲ್ಲ. ಆಳು ಸೇರಿಸುವಾಗ ಅವನು ನೋಡುತ್ತಿದ್ದುದು ತೋಳುಗಳನ್ನು ಮಾತ್ರ. ಟೆಂಪೋ ಹೊರಡುವ ದಿನ ಮುತ್ತವ್ವ ಏನೋ ಹೇಳಲು ಬೆನ್ನು ಹತ್ತಿದ್ದಳು. "ಎಲ್ಲಾ ಅಲ್ಲೇ ನೋಡ್ಕೋತಾರ, ಬಾಜೂಕ ಸರಿ" ಎಂದು ಗದರಿ ಗಾಡಿ ಬಿಡಿಸಿದ್ದ. ಈಗ ಹೊನ್ನೇಶ ಹೋದ ಗುಜರಾತಿನ ಕಾರ್ಖಾನೆಯ ಗುತ್ತಿಗೆದಾರ ಫೋನೇ ಎತ್ತುತ್ತಿಲ್ಲ. ಹೋಗಿ ನೋಡಿ ಬರುವ ಉಸಾಬರಿ ಅಂಬರೀಶನಿಗೆ ಬೇಕಿರಲಿಲ್ಲ.

"ಹೇಳದಿದ್ರ ಪೊಲೀಸರ ಕಡೆ ಹೊಕ್ಕೀನ್ರಿ."

ಹುಡುಗರು ಮುಖ ಮುಖ ನೋಡಿಕೊಂಡರು. ಅಂಬರೀಶ ನಗೆ ತಂದುಕೊಂಡ.

"ಯಾಕ ಗಾಬರಿ ಆಗ್ತೀ ಬೇ? ಆರಾಮ ಅದಾನ. ನಿನ್ನೆನ ನನ್ನ ಕೂಡ ಮಾತಾಡ್ಯಾನ. ಕುಂಡ್ರು, ಈಗ ಫೋನ್ ಹಚ್ಚತೀನಿ."

ಹಚ್ಚಿ, ಸ್ಪೀಕರ್ ಹಾಕಿ ಅವಳ ಕೈಗೆ ಕೊಟ್ಟ. ಕೆಳಗೆ ಚಹಾದಂಗಡಿಯಲ್ಲಿ ಕೂತಿದ್ದ ಅವನ ಕೈಯಾಳು ದುರ್ಗೇಶ, ಮೊದಲೇ ಹೇಳಿಕೊಟ್ಟಿದ್ದಂತೆ, ದನಿ ಇಳಿಸಿ ಮಾತಾಡಿದ.

"ಯವ್ವಾ... ನಾ ಹೊನ್ನೇಶ. ಫೋನ್ ಕೆಟ್ಟಿತ್ತು. ಆರಾಮ ಅದೀನಿ, ನೀ ಅಳಬ್ಯಾಡ."

ಮುತ್ತವ್ವ ಎರಡೂ ಕೈಯಲ್ಲಿ ಫೋನು ಹಿಡಿದು, ಎದೆಗೊತ್ತಿಕೊಂಡು, ಬಿಕ್ಕಿ ಬಿಕ್ಕಿ ಅತ್ತಳು. ಕರುಳು ಕಿತ್ತು ಬರುವಂಥ ಅಳು. ಹುಡುಗರ ಕಣ್ಣೂ ಒದ್ದೆಯಾದವು. ಪೀಡೆ ಕಳೆಯಿತೆಂದು ಅಂಬರೀಶ ಕುರ್ಚಿಗೆ ಒರಗಿದ.

"ಇನ್ನೊಮ್ಮೆ ಅನ್ನಪ್ಪಾ," ಎಂದಳು ಮುತ್ತವ್ವ ಫೋನಿಗೆ. "ಯವ್ವಾ ಅನ್ನು."

"ಯವ್ವಾ."

ಅವಳು ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡು ಹುಡುಗರ ಕಡೆ ತಿರುಗಿದಳು.

"ನೀವರ ಮನಿಗೆ ಹೋಗ್ರಪ್ಪಾ. ಮಗನ ಬಾಯಾಗ ಯವ್ವಾ ಅನ್ನೂದನ್ನ ಒಮ್ಮೆರ ಕೇಳಬೇಕಂತ ಭಾಳ ಆಶಾ ಇತ್ತು ನನಗ. ನನ್ನ ಹೊನ್ನೇಶ ಹುಟ್ಟಿದಾಗಿಂದ ಮೂಕ ಅದಾನ."