ಬೆಳಗಿನ ಬಿಲ್ಡಿನಲ್ಲಿ ಇಲ್ಲದ ಗಂಡ

ನಮ್ಮೂರನ್ನು ದಿನಾ ಬೆಳಿಗ್ಗೆ ಕಂಪ್ಯೂಟರಿನ ಕೋಡಿನಿಂದ ಹೊಸದಾಗಿ ಕಟ್ಟುವವನು, ಅಂದರೆ ಬಿಲ್ಡ್ ಮಾಡುವವನು ನಾನು. ಆ ಕೋಡಿಗೆ ಯಾವನೋ ಅರೆಬೆಂದವನು ಬರೆದು ಅಂಟಿಸಿದ ಪ್ಲಗಿನ್ ಒಂದಿದೆ. ಮೂರು ತಿಂಗಳು ಯಾರೂ ಹೆಸರೆತ್ತದಿದ್ದರೆ, ಲೈಟುಕಂಬವಾಗಲಿ ಮನುಷ್ಯನಾಗಲಿ, ಬೇಡದ್ದೆಂದು ಕಿತ್ತೆಸೆಯುತ್ತದೆ. ಇವತ್ತು ಪುಟ್ಟತಾಯಮ್ಮನವರ ಹಾಸಿಗೆ ಹಿಡಿದ ಗಂಡನನ್ನು ಕಿತ್ತಿತ್ತು.

ಏನನ್ನು ಯಾಕೆ ಕಿತ್ತಿತೆಂದು ಬರೆದಿಡುವ ಲಾಗ್ ನೋಡಿ, ಆಫೀಸಿಗೆ ದೂರು ತಂದಿದ್ದ ಆಕೆಯನ್ನು ಕೇಳಿದೆ, "ಅವರನ್ನ ಹೆಸರು ಹಿಡಿದು ಕರೀತಿರಲಿಲ್ವಾ?"

"ಗಂಡನ ಹೆಸರು ಹೇಳಿದ್ರೆ ಆಯಸ್ಸು ಕಮ್ಮಿಯಾಗುತ್ತೆ ಸಾರ್. 'ರೀ' ಅಂತಿದ್ದೆ."

ದಡ್ಡ ಪ್ಲಗಿನ್, ಅದಕ್ಕಿಂತ ದಡ್ಡ ಹೆಂಗಸು! "ಅವರ ಹೆಸರನ್ನ ಈ ಮೈಕಲ್ಲಿ ಹೇಳಿ, ನಾಳೆ ಬಿಲ್ಡಲ್ಲಿ ವಾಪಸ್ ಬರ್ತಾರೆ," ಎಂದು ಗದರಿದೆ.

ಆಕೆ ಕಣ್ಣು ಮುಚ್ಚಿ, "ಚೆಲುವಯ್ಯ" ಅಂದರು. ಹೊರಡುವಾಗ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಿಮ್ಮನ್ನ ಯಾರು ಹೆಸರು ಹಿಡಿದು ಕರೀತಾರೆ?"

ಆಫೀಸಿನಲ್ಲಿ ಎಲ್ಲರಿಗೂ ನಾನು ಸಾರ್. ಮನೆಯಲ್ಲಿ, ರೀ.