ಕಣ್ಣು ಮುಚ್ಚುವ ಪಾಳಿ

ಇದರಲ್ಲಿ ಒಂದು ಮಾತು ಸುಳ್ಳಾಗಿದ್ದರೂ ಹೇಳಿದವನ ಎರಡೂ ಕಣ್ಣು ಹೋಗಲಿ. ಎಪ್ಪತ್ತೆಂಟನೆಯ ಇಸವಿಯಲ್ಲಿ ಹನುಮಸಾಗರದ ಶಾಲೆಯೊಳಗೆ ಕಣ್ಣಿನ ಕ್ಯಾಂಪು ನಡೆದಾಗ, ಬ್ಲೇಡು ಹಿಡಿದು ನಿಂತ ಡಾಕ್ಟರ ಕೈಯನ್ನು ಮೇಜಿನ ಮೇಲೆ ಮಲಗಿದ್ದ ಮುದಕಮ್ಮ ಗಪ್ಪನೆ ಹಿಡಿದುಕೊಂಡಳು.

"ಇಂವಾ ಕಣ್ಣು ಮುಚ್ಯಾನ. ನಾ ಒಲ್ಲೆ."

ಸೊಸೆ ಪಾರಮ್ಮ ಕೋಲಿನ ಒಂದು ತುದಿ ಹಿಡಿದು ಮುಂದೆ, ಈಕೆ ಇನ್ನೊಂದು ತುದಿ ಹಿಡಿದು ಹಿಂದೆ, ಹಾಗೆ ಬಂದವಳು. ಬಲಗಣ್ಣಿಗೆ ಪೂರ್ತಿ ಪೊರೆ. ಎಡಗಣ್ಣಿನಲ್ಲಿ ಹೊಗೆ ಹಿಡಿದ ಕಂದೀಲಿನಷ್ಟು ಬೆಳಕಿತ್ತು; ಅಷ್ಟರಲ್ಲೇ ಡಾಕ್ಟರ ಮುಚ್ಚಿದ ರೆಪ್ಪೆ ಕಂಡುಬಿಟ್ಟಿತ್ತು.

ಡಾಕ್ಟರು ನಾರ್ವೆ ದೇಶದವರು. ಹಾಲ್ವರ್ಸನ್ ಎಂಬ ಅವರ ಹೆಸರು ಎರಡೇ ದಿನದಲ್ಲಿ ಹಾಲಪ್ಪ ಆಗಿತ್ತು. ಎಷ್ಟು ಎತ್ತರದ ಆಳೆಂದರೆ, ಶಾಲೆಯ ಬಾಗಿಲಲ್ಲಿ ತಲೆ ಮೊದಲು ಬಗ್ಗಿ ಬಂದು ನಮಸ್ಕಾರ ಹೇಳಿ ಮುಗಿಸಿದ ಮೇಲೆ ಕಾಲು ಒಳಗೆ ಬರುತ್ತಿದ್ದವು. ಊರೆಲ್ಲ ಮಾಗಿಯ ಚಳಿಗೆ ಕಂಬಳಿ ಹೊದ್ದಿದ್ದರೆ ಅವರೊಬ್ಬರು ಬೆವರುತ್ತಿದ್ದರು. ಕಣ್ಣು ಮುಚ್ಚಿ ಪ್ರಾರ್ಥಿಸದೆ ಅವರು ಯಾರ ಕಣ್ಣನ್ನೂ ಮುಟ್ಟಿದವರಲ್ಲ. ಪ್ರಾರ್ಥನೆ ತಪ್ಪಿದರೆ ಕೈ ನಡುಗೀತೆಂಬ ಭಯ ಒಳಗೊಳಗೇ ಇತ್ತು.

ಕಂಪೌಂಡರ್ ಮರ್ದಾನಸಾಬ ನಡುವೆ ನಿಂತು ಇಬ್ಬರ ಮಾತನ್ನೂ ಆಚೆಯಿಂದ ಈಚೆಗೆ ದಾಟಿಸುತ್ತಿದ್ದ. ಡಾಕ್ಟರು ದೇವರನ್ನು ನೆನೆಯುತ್ತಿದ್ದಾರೆ, ಅಷ್ಟೇ, ಎಂದು ತಿಳಿಹೇಳಿದ.

"ನೆನಸ್ಲೇಳಪ್ಪ, ಯಾರು ಬ್ಯಾಡಂತಾರ? ನನ ಗಂಡನೂ ಕುರಿ ತುಪ್ಪಟ ಕತ್ತರಿಸುವಾಗ ಬೀರಪ್ಪನ್ನ ನೆನಸ್ತಿದ್ದ. ಬಾಯಿಲೆ ನೆನಸ್ತಿದ್ದ, ಕಣ್ಣು ಕುರಿ ಮ್ಯಾಲ ಇರ್ತಿದ್ವು."

ಕಟ್ಟೆಯ ಮೇಲೆ ಪಾಳಿಗೆ ಕುಳಿತವರಿಗೆಲ್ಲ ಇದು ಕೇಳಿಸಿತು. ಇಬ್ಬರು ಆಗಲೇ ಕಂಬಳಿ ಮಡಚತೊಡಗಿದರು. ಈಕೆ ಮೇಜಿನಿಂದ ಇಳಿದರೆ ಇಡೀ ಕ್ಯಾಂಪೇ ಎದ್ದುಹೋಗುತ್ತದೆಂದು ಡಾಕ್ಟರಿಗೆ ಯಾರೂ ಇಂಗ್ಲಿಷಿನಲ್ಲಿ ಹೇಳಬೇಕಾಗಲಿಲ್ಲ. ಅವರು ತಲೆ ತಗ್ಗಿಸಿ ಕೈ ನಡುಗುವ ಸಂಗತಿಯನ್ನೂ ಹೇಳಿಬಿಟ್ಟರು. ಮರ್ದಾನಸಾಬ ಅದನ್ನು ಮುದಕಮ್ಮನ ಕಿವಿಗೆ ಮಾತ್ರ ಮುಟ್ಟಿಸಿದ.

ಆಕೆ ಹಿಡಿದ ಕೈ ಬಿಟ್ಟಳು.

"ಹಂಗಾರ ಪಾಳಿ ಬದಲಿ ಮಾಡೂಣು. ಬಲಗಣ್ಣು ಅವ್ರಿಗೆ ಬಿಡ್ತೀನಿ, ಎಡಗಣ್ಣು ಮುಚ್ಚಿ ಅವ್ರ ಸಲುವಾಗಿ ನಾ ಬೇಡ್ಕೊಂತೀನಿ. ಅವ್ರು ತೆರಕೊಂಡು ಕೆಲಸ ಮಾಡ್ಲಿ. ಅವ್ರ ದೇವ್ರ ಹೆಸರಷ್ಟು ಹೇಳು."

ಮರ್ದಾನಸಾಬ ಹೇಳಿದ. ಹೊಸ ಹೆಸರು, ನಡುವೆ ಮರೆತುಹೋದರೆ ಇರಲಿ ಎಂದು ಆಕೆ ಬೀರಪ್ಪನನ್ನೂ ಜೊತೆಗೆ ಸೇರಿಸಿಕೊಂಡಳು. ಡಾಕ್ಟರು ಮತ್ತೊಮ್ಮೆ ಕೈ ತೊಳೆದು ಬಂದರು. ಇಷ್ಟು ವರ್ಷ ರೋಗಿಗಳಿಗಾಗಿ ಬೇಡಿಕೊಂಡವರು, ತಮಗಾಗಿ ರೋಗಿಯೊಬ್ಬಳು ಬೇಡಿಕೊಳ್ಳುವುದನ್ನು ಇದೇ ಮೊದಲು ಕೇಳುತ್ತಿದ್ದರು. ಆಕೆಯ ತುಟಿ ಅಲುಗುತ್ತಿತ್ತು. ಅವರ ಕೈ ಅಲುಗಲಿಲ್ಲ. ಕಟ್ಟೆಯ ಮೇಲಿನ ಕಂಬಳಿಗಳು ಮತ್ತೆ ಹಾಸಿಕೊಂಡವು.

ಪಟ್ಟಿ ಬಿಚ್ಚಿದ ದಿನ ಡಾಕ್ಟರೇ ಆಕೆಗೆ ದಪ್ಪ ಕನ್ನಡಕ ಹಾಕಿದರು. ಕೈಯಲ್ಲಿ ಈಗ ಬ್ಲೇಡಿರಲಿಲ್ಲವಾದ್ದರಿಂದ ಧೈರ್ಯವಾಗಿ ಕಣ್ಣು ಮುಚ್ಚಿ, ದೇವರಿಗೂ ಆಕೆಗೂ ಕೂಡಿಸಿಯೇ ಉಪಕಾರ ಸ್ಮರಿಸತೊಡಗಿದರು. ಬಹಳ ಉದ್ದನೆಯ ಮಾತು. ಮರ್ದಾನಸಾಬ ಅದರ ಬೆನ್ನಹಿಂದೆಯೇ ದಾಟಿಸುತ್ತ ಹೋದ.

"ಯವ್ವಾ, ಡಾಕ್ಟ್ರು ಏನಂತಾರಂದ್ರ, ತಮ್ಮೂರಿಗೆ ಹೋದ ಮ್ಯಾಲೂ ನೀ ಬೇಡ್ಕೊಂಡಿದ್ದನ್ನ ಅವ್ರು..."

ಮಾತು ಅಲ್ಲಿಗೇ ನಿಂತಿತು. ಡಾಕ್ಟರು ಕಣ್ಣು ತೆರೆದರೆ ಎದುರಿನ ಸ್ಟೂಲು ಖಾಲಿ. ಆಕೆಯನ್ನು ಯಾರು ಕರೆದುಕೊಂಡು ಹೋದರೆಂದು ಕೇಳಿದರು. ಮರ್ದಾನಸಾಬ ಬಾಗಿಲ ಕಡೆ ಬೆರಳು ತೋರಿಸಿದ.

ಹೊಸ್ತಿಲ ಹತ್ತಿರ ಪಾರಮ್ಮ ಕೋಲು ಹಿಡಿದು ಹೊರಗಿನ ದಾರಿ ನೋಡುತ್ತ ನಿಂತಿದ್ದಳು. ಕೋಲಿನ ಇನ್ನೊಂದು ತುದಿ ನೆಲದ ಮೇಲಿತ್ತು.